ಲೆಕ್ಕಕ್ಕೆ ಬಾರದವರು

ಹಿಂದಿನ ಕಾಲದಲ್ಲಿ ಗ್ರಾಮದ ಪಟೇಲರ ಬಳಿ ಜನನ ಮರಣಗಳನ್ನು ಬರೆದಿಡುವ ಪುಸ್ತಕವೊಂದು ಇರುತ್ತಿತ್ತು. ಅದರ ಒಂದೊಂದು ಸಾಲೂ ಒಂದೊಂದು ಮನೆಯ ಸುಖದುಃಖ. ಆದರೆ ಸಾಲುಗಳನ್ನೆಲ್ಲ ಕೂಡಿಸಿ ನೋಡಿದಾಗ ಮಾತ್ರವೇ, ಈ ವರ್ಷ ಇಂಥ ಕೇರಿಯಲ್ಲಿ ಇಷ್ಟು ಸಾವುಗಳೇಕೆ ಎಂಬ ಪ್ರಶ್ನೆ ಏಳುತ್ತಿತ್ತು. ಮೂತ್ರಪಿಂಡದ ವೈದ್ಯರು ಒಟ್ಟುಗೂಡಿ ಇಟ್ಟ ಅಂಥದೇ ಒಂದು ಪುಸ್ತಕ, ಒಂದು ಶ್ರೀಮಂತ ದೇಶದ ಕಣ್ಣನ್ನು ತೆರೆಸಿದ ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದಿಡಬಯಸುತ್ತೇನೆ.

ಮೂತ್ರಪಿಂಡದ ರೋಗವನ್ನು ಸ್ಪಷ್ಟವಾಗಿ ಗುರುತಿಸಿ 1827ರಲ್ಲಿ ಬರೆದವರು ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್. ಆದರೆ ರೋಗಕ್ಕೆ ಹೆಸರು ದೊರೆತ ಮಾತ್ರಕ್ಕೆ ಮದ್ದು ದೊರೆಯಲಿಲ್ಲ. ನೂರು ವರ್ಷಗಳಿಗೂ ಹೆಚ್ಚು ಕಾಲ ವೈದ್ಯನು ರೋಗಿಯ ಮಗ್ಗುಲಲ್ಲಿ ಕುಳಿತು ಸಮಾಧಾನ ಹೇಳುವುದಕ್ಕಿಂತ ಹೆಚ್ಚಿನದೇನನ್ನೂ ಮಾಡಲಾರದವನಾಗಿದ್ದ. 1943ರಲ್ಲಿ ಹಾಲೆಂಡಿನ ಕಾಂಪೆನ್ ಎಂಬ ಪಟ್ಟಣದಲ್ಲಿ ವಿಲೆಮ್ ಕೋಲ್ಫ್ ಎಂಬ ವೈದ್ಯರು ಕೃತಕ ಮೂತ್ರಪಿಂಡವನ್ನು ರಚಿಸಿದ ಮೇಲೆ ಆಶೆಯ ಕಿರಣವೊಂದು ಮೂಡಿತು. ಇಂಥ ಕಾಲದಲ್ಲಿಯೇ, 1950ರಲ್ಲಿ, ಬ್ರಿಟನ್ನಿನಲ್ಲಿ ಆರ್ಥರ್ ಆಸ್ಮನ್ ಅವರ ಅಧ್ಯಕ್ಷತೆಯಲ್ಲಿ ‘ರೀನಲ್ ಅಸೋಸಿಯೇಷನ್’ ಎಂಬ ಸಂಘ ಹುಟ್ಟಿತು. ಹತ್ತು ವರ್ಷಗಳ ತರುವಾಯ, 1960ರಲ್ಲಿ, ಫ್ರಾನ್ಸಿನ ಜಾನ್ ಆಂಬುರ್ಜೇ ಅವರ ನೇತೃತ್ವದಲ್ಲಿ ಅಂತರರಾಷ್ಟ್ರೀಯ ಸಂಘವೂ ರೂಪುಗೊಂಡಿತು.

ಅದೇ 1960ರಲ್ಲಿ ಅಮೆರಿಕದ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ರೋಗಿಯ ತೋಳಿನ ರಕ್ತನಾಳಗಳಿಗೆ ಶಾಶ್ವತವಾದ ಕೊಳವೆಯನ್ನು ಜೋಡಿಸುವ ಉಪಾಯವನ್ನು ಕಂಡುಹಿಡಿದರು. ಅದುವರೆಗೆ ಕೆಲವು ದಿನಗಳ ಮಟ್ಟಿಗೆ ಮಾತ್ರ ಸಾಧ್ಯವಿದ್ದ ಡಯಾಲಿಸಿಸ್, ವರ್ಷಗಟ್ಟಲೆ ನಡೆಸಬಹುದಾದ ಚಿಕಿತ್ಸೆಯಾಯಿತು. ಆದರೆ ಯಂತ್ರಗಳು ಕೆಲವೇ, ರೋಗಿಗಳು ಅಸಂಖ್ಯ. ಯಾರಿಗೆ ಕೊಡಬೇಕು? ಕೊಟ್ಟವರು ಎಷ್ಟು ಕಾಲ ಬದುಕುತ್ತಾರೆ? ಒಂದು ಆಸ್ಪತ್ರೆಯ ನಾಲ್ಕಾರು ರೋಗಿಗಳನ್ನು ನೋಡಿ ಇದಕ್ಕೆ ಉತ್ತರ ಹೇಳುವಂತಿರಲಿಲ್ಲ.

1964ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ ಯುರೋಪಿನ ವೈದ್ಯರು ಡಯಾಲಿಸಿಸ್ ಮತ್ತು ಕಸಿ ಚಿಕಿತ್ಸೆಗಾಗಿ ತಮ್ಮದೊಂದು ಸಂಘವನ್ನು ಕಟ್ಟಿದರು. ಅವರು ಕೈಗೊಂಡ ಅತ್ಯಂತ ವಿವೇಕದ ಕಾರ್ಯವೆಂದರೆ ಎಲ್ಲ ದೇಶಗಳ ರೋಗಿಗಳಿಗೂ ಸೇರಿದ ಒಂದೇ ನೋಂದಣಿ. ರೋಗಿಯ ವಯಸ್ಸು, ಮೂಲ ರೋಗ, ದೊರೆತ ಚಿಕಿತ್ಸೆ, ಮರಣ, ಇವೆಲ್ಲವನ್ನೂ ಆಸ್ಪತ್ರೆಗಳು ಬರೆದು ಕಳುಹಿಸತಕ್ಕದ್ದು. ತನ್ನ ಕೈಯಲ್ಲಿ ಸತ್ತವರ ಸಂಖ್ಯೆಯನ್ನು ತಾನೇ ಬರೆದು ಇತರರ ಮುಂದಿಡುವುದು ಯಾವ ವೈದ್ಯನಿಗೂ ಹಿತವಾದ ಕೆಲಸವಲ್ಲ. ಆ ಪ್ರಾಮಾಣಿಕತೆಯೇ ಈ ದಾಖಲೆಯ ಬೆಲೆ.

ವರ್ಷಗಳು ಕಳೆದಂತೆ ಪುಸ್ತಕ ಮಾತನಾಡತೊಡಗಿತು. ಡಯಾಲಿಸಿಸ್ ವಿಷಯದಲ್ಲಿ ಮುಂಚೂಣಿಯಲ್ಲಿದ್ದ, ಎಲ್ಲರಿಗೂ ಉಚಿತ ಚಿಕಿತ್ಸೆಯೆಂದು ಹೆಮ್ಮೆಪಡುತ್ತಿದ್ದ ಬ್ರಿಟನ್, ನೆರೆಯ ದೇಶಗಳಿಗಿಂತ ಹಿಂದೆ ಬಿದ್ದಿತ್ತು. ಎಳೆಯ ವಯಸ್ಸಿನವರ ಲೆಕ್ಕದಲ್ಲಿ ಕೊರತೆ ಕಾಣಲಿಲ್ಲ. ನಲವತ್ತೈದು ದಾಟಿದವರ ಲೆಕ್ಕದಲ್ಲಿ ಅಂತರ ಎದ್ದು ತೋರಿತು. ಬ್ರಿಟನ್ನಿನಲ್ಲಿ ವಯಸ್ಸಾದವರ ಮೂತ್ರಪಿಂಡಗಳಿಗೆ ರೋಗ ಬರುವುದಿಲ್ಲವೆ? ನೋಂದಣಿಯ ಕಾರ್ಯದಲ್ಲಿ ತೊಡಗಿದ್ದ ಎ. ಜೆ. ವಿಂಗ್ ಎಂಬ ವೈದ್ಯರು 1983ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ತಮ್ಮ ದೇಶವನ್ನೇ ಈ ಬಗ್ಗೆ ಬಹಿರಂಗವಾಗಿ ಪ್ರಶ್ನಿಸಿದರು.

ಮರುವರ್ಷ ಅವರೂ ಅವರ ಸಂಗಡಿಗರೂ ಕಲ್ಪಿತ ರೋಗಿಗಳ ವಿವರಗಳನ್ನು ಬೇರೆ ಬೇರೆ ವೈದ್ಯರಿಗೆ ಕಳುಹಿಸಿ, ಇವರಲ್ಲಿ ಯಾರಿಗೆ ಚಿಕಿತ್ಸೆ ಬೇಡವೆನ್ನುತ್ತೀರಿ ಎಂದು ಕೇಳಿದರು. ಮೂತ್ರಪಿಂಡತಜ್ಞರಿಗಿಂತ ಇತರ ವೈದ್ಯರೇ ಹೆಚ್ಚು ಮಂದಿಯನ್ನು ಕೈಬಿಟ್ಟಿದ್ದರು. ಅಂದರೆ ಎಷ್ಟೋ ಮಂದಿ ತಜ್ಞರ ಬಾಗಿಲಿಗೆ ಬರುವ ಮೊದಲೇ ದಾರಿಯಲ್ಲಿ ಉಳಿದುಹೋಗುತ್ತಿದ್ದರು. ‘ಇನ್ನೇನೂ ಮಾಡುವಂತಿಲ್ಲ’ ಎಂಬ ಮೃದುವಾದ ಮಾತಿನಲ್ಲಿ ಅವರ ಕಥೆ ಮುಗಿಯುತ್ತಿತ್ತು. ಅವರ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ಇದ್ದವರ ಲೆಕ್ಕವೇ ಇಲ್ಲದವರ ಪರವಾಗಿ ಸಾಕ್ಷಿ ನುಡಿಯಿತು. ಮುಂದೆ 1995ರಲ್ಲಿ ರೀನಲ್ ಅಸೋಸಿಯೇಷನ್ ತನ್ನದೇ ನೋಂದಣಿ ಸಂಸ್ಥೆಯನ್ನು ಸ್ಥಾಪಿಸಿತು. ಆ ಸಂಘ 2021ರಲ್ಲಿ ಮತ್ತೊಂದು ಸಂಘದೊಡನೆ ವಿಲೀನವಾಗಿ ಈಗ ‘ಯುಕೆ ಕಿಡ್ನಿ ಅಸೋಸಿಯೇಷನ್’ ಎನಿಸಿದೆ.

ನಮ್ಮ ದೇಶದಲ್ಲಿ ಮೂತ್ರಪಿಂಡತಜ್ಞರ ಸಂಘ, ಇಂಡಿಯನ್ ಸೊಸೈಟಿ ಆಫ್ ನೆಫ್ರಾಲಜಿ, 1970ರಲ್ಲಿ ಹುಟ್ಟಿತು. ಮರುವರ್ಷವೇ ವೆಲ್ಲೂರಿನಲ್ಲಿ ಮೂತ್ರಪಿಂಡದ ಕಸಿ ಯಶಸ್ವಿಯಾಗಿ ನೆರವೇರಿತು. ಆದರೆ ರೋಗಿಗಳ ದೇಶವ್ಯಾಪಿ ನೋಂದಣಿ ಆರಂಭವಾಗಲು 2005 ಬರಬೇಕಾಯಿತು. 2012ರಲ್ಲಿ ಪ್ರಕಟವಾದ ಅದರ ವರದಿಯಲ್ಲಿ 52,273 ರೋಗಿಗಳ ವಿವರಗಳಿವೆ. ಶೇಕಡಾ 31 ಮಂದಿಗೆ ಸಕ್ಕರೆ ಕಾಯಿಲೆಯೇ ಮೂಲ. ಸುಮಾರು ಶೇಕಡಾ 48 ಮಂದಿ ತಜ್ಞರ ಬಳಿಗೆ ಬಂದದ್ದು ರೋಗದ ಕೊನೆಯ ಹಂತದಲ್ಲಿ! ಶೇಕಡಾ 16 ಮಂದಿಯ ರೋಗಕ್ಕೆ ಕಾರಣವೇ ಗೊತ್ತಾಗಲಿಲ್ಲ. ಇವರು ಇತರರಿಗಿಂತ ಎಳೆಯರು, ಇತರರಿಗಿಂತ ಬಡವರು.

ಈ ಅಂಕಿಗಳಾದರೂ ಬಾಗಿಲು ಮುಟ್ಟಿದವರದು. ಬಸ್ಸಿನ ಖರ್ಚಿಗೆ ಹೆದರಿ, ಕಾಲಿನ ಬಾವು ತಾನೇ ಇಳಿದೀತೆಂದು ಕಾದು ಕುಳಿತವರು ಇದರಲ್ಲಿಲ್ಲ. ಮೂತ್ರಪಿಂಡದ ರೋಗ ಬಹುಕಾಲ ನೋವು ಕೊಡದು. ಸದ್ದಿಲ್ಲದೆ ನಡೆಯುವ ಕಳ್ಳನಂತೆ ಬಂದು ಮನೆಯನ್ನೆಲ್ಲ ದೋಚಿದ ಮೇಲೆ ತಿಳಿಯುತ್ತದೆ. ಸಕ್ಕರೆ ಕಾಯಿಲೆಯೋ ರಕ್ತದ ಒತ್ತಡವೋ ಇರುವವರು ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಕೈಗೆ ಬಂದ ಚೀಟಿಯನ್ನು ಎಸೆಯದೆ, ತಾರೀಖಿನ ಕ್ರಮದಲ್ಲಿ ಒಂದು ಕಡತದಲ್ಲಿ ಸೇರಿಸಿಡಿ. ಮುಂದಿನ ಬಾರಿ ವೈದ್ಯರ ಬಳಿಗೆ ಹೋಗುವಾಗ ಆ ಕಡತವೂ ನಿಮ್ಮೊಡನೆ ಹೋಗಲಿ. ಹಿಂದಿನ ವರ್ಷದ ಅಂಕಿಯ ಪಕ್ಕದಲ್ಲಿಟ್ಟಾಗಲೇ ಈ ವರ್ಷದ ಅಂಕಿಗೆ ಅರ್ಥ ಬರುವುದು.

ಮನೆಯ ಹಿರಿಯರ ವಿಷಯದಲ್ಲಿ ‘ವಯಸ್ಸಾಯಿತಲ್ಲ, ಇನ್ನೇಕೆ?’ ಎಂಬ ಮಾತು ನಮ್ಮ ಬಾಯಿಗೆ ಬರುವ ಮುನ್ನ, ನಾವು ಯಾರ ಹೆಸರನ್ನು ಪುಸ್ತಕದಿಂದ ಹೊರಗಿಡುತ್ತಿದ್ದೇವೆಂದು ಒಂದು ಗಳಿಗೆ ಯೋಚಿಸೋಣ.