ಕೊಡ ಹೊತ್ತವಳಿಗೆ ಘಟ ಭಾರವೆ?

ನೀರಿನ ಕೊಡ ಹೆಣ್ಣಿನ ಸೊಂಟಕ್ಕೆ ಹೊಸದಲ್ಲ. ಆದರೆ ಅದೇ ಮಣ್ಣಿನ ಕೊಡ ‘ಘಟ’ವೆಂಬ ಹೆಸರಿನಿಂದ ಸಂಗೀತ ವೇದಿಕೆಯನ್ನೇರಿದೊಡನೆ ಪುರುಷರ ಸೊತ್ತಾಗಿಬಿಟ್ಟಿತು! ಈ ಕಟ್ಟನ್ನು ಮುರಿದವರು ಬೆಂಗಳೂರಿನಲ್ಲಿ ನೆಲೆಸಿರುವ ವಿದುಷಿ ಸುಕನ್ಯಾ ರಾಮಗೋಪಾಲ್.

1957ರಲ್ಲಿ ತಮಿಳುನಾಡಿನ ಮಾಯಾವರದಲ್ಲಿ ಜನಿಸಿದ ಸುಕನ್ಯಾ, ಮದರಾಸಿನ ಶ್ರೀ ಜಯಗಣೇಶ ತಾಳವಾದ್ಯ ವಿದ್ಯಾಲಯಕ್ಕೆ ಹೋದದ್ದು ಪಿಟೀಲು ಕಲಿಯಲೆಂದು. ಕೈಯಲ್ಲಿ ಪಿಟೀಲಿದ್ದರೂ ಕಿವಿ ಮೃದಂಗದತ್ತ ಹರಿಯಿತು. ಮೃದಂಗ ಕಲಿಯುತ್ತ ಮನಸ್ಸು ಘಟಕ್ಕೆ ಸೋತಿತು. ಪ್ರಖ್ಯಾತ ಘಟವಾದಕ ವಿಕ್ಕು ವಿನಾಯಕರಾಂ ಅವರಿಗೇ ಅನುಮಾನ: ಬೆರಳುಗಳನ್ನು ನೋಯಿಸುವ ಈ ಗಡುಸು ವಾದ್ಯ ಹುಡುಗಿಯೊಬ್ಬಳಿಗೆ ಒಗ್ಗೀತೆ? ಅವರ ತಂದೆ, ವಿದ್ಯಾಲಯದ ಸ್ಥಾಪಕ ಹರಿಹರಶರ್ಮರು ಮಾತ್ರ ಶಿಷ್ಯೆಯನ್ನು ನಂಬಿ, ಹಠ ಹಿಡಿದು ಕಲಿಸಿದರು. ಮುಂದೆ ವಿಕ್ಕು ಅವರೂ ಗುರುವಾಗಿ ಹರಸಿದರು.

ಕಲಿಕೆ ಕೈಗೂಡಿದರೂ ಕಷ್ಟ ತೀರಲಿಲ್ಲ. ಕಛೇರಿಯಲ್ಲಿ ಘಟಕ್ಕೆ ಮೃದಂಗವೇ ಹಿರಿಯಣ್ಣ. ಅಣ್ಣ ಒಪ್ಪದಿದ್ದರೆ ತಮ್ಮನಿಗೆ ಮಣೆಯಿಲ್ಲ. ಹೆಣ್ಣಿನ ಘಟದೊಡನೆ ನುಡಿಸಲು ಒಲ್ಲೆವೆಂದ ಮೃದಂಗವಾದಕರಿದ್ದರು. ಸುಕನ್ಯಾ ಇದಕ್ಕೆ ಉತ್ತರ ಕೊಟ್ಟದ್ದು ಬಾಯಿಂದಲ್ಲ, ಬೆರಳುಗಳಿಂದ.

ಆವಿಗೆಯಲ್ಲಿ ಬೆಂದ ಘಟದ ಶ್ರುತಿಯನ್ನು ಮತ್ತೆ ಹೆಚ್ಚು ಬದಲಿಸಲಾಗದು. ಆದ್ದರಿಂದಲೇ ವಾದಕರು ಗಾಯಕರ ಶ್ರುತಿಗೆ ಒಪ್ಪುವಂತೆ ಹಲವು ಘಟಗಳನ್ನು ಕೂಡಿಟ್ಟಿರುತ್ತಾರೆ. ಈ ಕೊರತೆಯನ್ನೇ ಸುಕನ್ಯಾ ಸಿರಿಯಾಗಿಸಿದರು. ಬೇರೆ ಬೇರೆ ಶ್ರುತಿಯ ಘಟಗಳನ್ನು ಸುತ್ತ ಇರಿಸಿಕೊಂಡು, ತಾಳದೊಡನೆ ಸ್ವರವನ್ನೂ ಹೊಮ್ಮಿಸುವ ‘ಘಟತರಂಗ’ವನ್ನು ರೂಪಿಸಿದರು. 1995ರಲ್ಲಿ ಮಹಿಳೆಯರದೇ ಆದ ‘ಸ್ತ್ರೀ ತಾಳ ತರಂಗ’ ಎಂಬ ವಾದ್ಯವೃಂದವನ್ನು ಕಟ್ಟಿದರು. ಮೃದಂಗ, ಮೋರ್ಸಿಂಗ್, ವೀಣೆಗಳು ಜೊತೆಗೂಡುವ ಆ ಮೇಳದಲ್ಲಿ ಘಟವು ಕೊನೆಯ ಸರದಿಗಾಗಿ ಕಾದು ಕೂರುವ ಉಪವಾದ್ಯವಲ್ಲ, ಮೇಳದ ಯಜಮಾನಿ! ಜಾಗ ಕೊಡದವರನ್ನು ಬೇಡದೆ ತಾನೇ ಜಾಗ ನಿರ್ಮಿಸಿಕೊಂಡು, ಇತರ ಮಹಿಳೆಯರಿಗೂ ಅಲ್ಲಿ ಮಣೆ ಹಾಕಿದ್ದು ಅವರ ಹಿರಿಮೆ. 2014ರ ಸಾಲಿನ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಅವರನ್ನು ಅರಸಿ ಬಂದಿತು.

ಒಳ್ಳೆಯ ಘಟಗಳಿಗೆ ಹೆಸರಾದ ಊರು ತಮಿಳುನಾಡಿನ ಮಾನಾಮದುರೆ. ಅಲ್ಲಿ ಹಸಿಮಣ್ಣನ್ನು ತಟ್ಟಿ ತಟ್ಟಿ ಘಟಕ್ಕೆ ನಾದವನ್ನು ತುಂಬಿದ ಮೀನಾಕ್ಷಿ ಕೇಶವನ್ ಅವರಿಗೂ ಅದೇ ಅಕಾಡೆಮಿಯ ಗೌರವ ಸಂದಿದೆ. ಘಟವನ್ನು ತಟ್ಟಿ ಮಾಡುವ ಕೈ ಹೆಣ್ಣಿನದಾಗಬಹುದಾದರೆ, ಅದನ್ನು ತಟ್ಟಿ ನುಡಿಸುವ ಕೈ ಏಕಾಗಬಾರದು?