ನಿಂತ ಗಾಡಿಯ ಗುಪ್ತವ್ಯಯ

ಕಳೆದ ಮಾಸದಲ್ಲಿ ಒಂದು ರಾತ್ರಿ ನಮ್ಮ ಮೊಮ್ಮಗುವಿಗೆ ಜ್ವರವೇರಿ ವೈದ್ಯರಲ್ಲಿಗೆ ಹೊರಟೆವು. ಕಾರು ಚಲಿಸಲೊಲ್ಲದು, ಬ್ಯಾಟರಿ ಬರಿದಾಗಿದ್ದಿತು. ನೆರೆಯವರ ಗಾಡಿಯಲ್ಲಿ ಹೋಗಿಬಂದೆವು, ಮಗು ಗುಣವಾಯಿತು. ಆದರೆ ಇದು ಮೂರನೆಯ ಸಲ. ಎರಡನೆಯ ಸಲವೇ ಹೊಸ ಬ್ಯಾಟರಿ ಕೊಂಡಿದ್ದೆವು. ದ್ರವ್ಯವೂ ಹೋಯಿತು, ದೋಷವೂ ಉಳಿಯಿತು.

ಮರುದಿನ ಬಂದ ಮೇಸ್ತ್ರಿಯು ಹಿಂದೊಮ್ಮೆ ನಮ್ಮ ತರಗತಿಯ ಕಡೆಯ ಬೆಂಚಿನವನು. ಗಾಡಿಗೆ ಬೀಗವಿಕ್ಕಿ, ಬ್ಯಾಟರಿಯ ಋಣತಂತಿಯನ್ನು ಬಿಚ್ಚಿ, ನಡುವೆ ಮೀಟರನ್ನು ಸೇರಿಸಿ, ಅರ್ಧ ಗಂಟೆ ಸುಮ್ಮನೆ ಕುಳಿತನು. ಇಂದಿನ ಗಾಡಿಗಳ ಒಳಯಂತ್ರಗಳು ನಿದ್ರಿಸಲು ಅಷ್ಟು ಕಾಲ ಬೇಕಾದೀತಂತೆ. ಮೀಟರಿರುವಾಗ ಎಂಜಿನನ್ನು ಹೊರಡಿಸಲಾಗದು, ಮೀಟರೇ ಕೆಟ್ಟೀತು. ನಿದ್ರಿಸಿದ ಗಾಡಿಯು 50 ಮಿಲಿಆಂಪಿಯರಿನಷ್ಟರೊಳಗೆ ಸೆಳೆಯುವುದು ಸಹಜ. ನಮ್ಮದು 450 ಸೆಳೆಯುತ್ತಿದ್ದಿತು! ದಿನಕ್ಕೆ ಸುಮಾರು 11 ಆಂಪಿಯರ್‌ಗಂಟೆ. 35ರ ಬ್ಯಾಟರಿ ಎಷ್ಟು ದಿನ ಬಾಳೀತು?

ಬಳಿಕ ಫ್ಯೂಜುಗಳನ್ನು ಒಂದೊಂದಾಗಿ ಕಿತ್ತು ನೋಡಿ ಮತ್ತೆ ಇಡುತ್ತ ಬಂದನು. ಯಾವುದನ್ನು ತೆಗೆದೊಡನೆ ಸೆಳೆತವಿಳಿಯುವುದೋ ಆ ದಾರಿಯಲ್ಲೇ ಕಳ್ಳನು. ಇದು ನ್ಯಾಯಶಾಸ್ತ್ರದ ವ್ಯತಿರೇಕವಲ್ಲದೆ ಮತ್ತೇನು? ಅವನು ಅದನ್ನು ಓದಿಲ್ಲ. ನಾವು ಓದಿಯೂ ಬ್ಯಾಟರಿಯನ್ನು ದೂರಿದೆವು.

ಒಳದೀಪಗಳ ಫ್ಯೂಜನ್ನು ತೆಗೆದಾಗ ಸೆಳೆತವು 40ಕ್ಕೆ ಇಳಿಯಿತು. ಒಳಗಿನ ದೀಪವೊಂದೂ ಉರಿಯುತ್ತಿರಲಿಲ್ಲವಲ್ಲ! ಫ್ಯೂಜನ್ನು ಮರಳಿಟ್ಟು, ನಮ್ಮ ಮೊಬೈಲನ್ನು ಚಿತ್ರ ಹಿಡಿಯಲು ಬಿಟ್ಟು, ಡಿಕ್ಕಿಯೊಳಗಿರಿಸಿ ಮುಚ್ಚಿದನು. ತೆರೆದು ನೋಡಿದರೆ ಚಿತ್ರದ ತುಂಬ ಬೆಳಕು. ಮುಚ್ಚಳದ ಗುಂಡಿ ಸಿಕ್ಕಿಕೊಂಡು, ಐದು ವಾಟಿನ ಪುಟ್ಟ ದೀಪವು ಹಗಲಿರುಳೂ ಉರಿಯುತ್ತಿದ್ದಿತು.

ಗುಂಡಿಯನ್ನು ಬದಲಿಸಿ, ಕೂಲಿ ಪಡೆದು, “ಹಳೆಯ ಬ್ಯಾಟರಿ ಏನಾಯಿತು, ಮೇಷ್ಟ್ರೇ?” ಎಂದನು. ನಾವು ಮಾತು ಬದಲಿಸಿದೆವು.