ದನಿ ಉಳಿಸಿ ಹೋದ ಅಪರ್ಣಾ



2011ರ ಅಕ್ಟೋಬರ್ 20ರಂದು ಬೆಂಗಳೂರಿನಲ್ಲಿ ನಮ್ಮ ಮೆಟ್ರೋ ಮೊದಲ ಸಲ ಓಡಿತು. ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ, ಏಳು ಕಿಲೋಮೀಟರಿಗೂ ಕಡಿಮೆ ದಾರಿ. ಆಮೇಲೆ ದಾರಿ ಬೆಳೆಯಿತು, ಜನ ಬೆಳೆದರು. 'ಮುಂದಿನ ನಿಲ್ದಾಣ' ಎಂದು ಆ ರೈಲಿನೊಳಗೆ ಕನ್ನಡದಲ್ಲಿ ಕೇಳಿಬಂದ ಹೆಣ್ಣುದನಿ ನಿಮಗೆಲ್ಲ ಗೊತ್ತು. ಕಾಲೇಜಿಗೆ ಹೋಗುವವರು, ಕೆಲಸಕ್ಕೆ ಹೋಗುವವರು, ಕನ್ನಡದ ಒಂದಕ್ಷರ ಬಾರದವರು ಕೂಡ ಆ ದನಿಯನ್ನು ಸಾವಿರಾರು ಸಲ ಕೇಳಿದ್ದಾರೆ. ಆ ದನಿ ನಟಿ ಅಪರ್ಣಾ ಅವರದು. 2024ರ ಜುಲೈ 11ರಂದು ಅವರು ತೀರಿಕೊಂಡರು. ಶ್ವಾಸಕೋಶದ ಕ್ಯಾನ್ಸರ್. ಉಸಿರನ್ನೇ ನಂಬಿ ದುಡಿದ ಹೆಣ್ಣುಮಗಳಿಗೆ ಉಸಿರಿಗೇ ಬಂದ ರೋಗ. ಸುಮಾರು ಎರಡು ವರ್ಷ ಅದರ ಜೊತೆ ಸೆಣಸಿ ಹೋದರು.

ಅವರು ಹೋದ ದಿನ ನಿಮ್ಮಲ್ಲಿ ಬಹಳ ಮಂದಿ ಫೋನಿನಲ್ಲಿ ಫೋಟೋ ಹಾಕಿ 'ಕನ್ನಡದ ದನಿ ನಿಂತಿತು' ಎಂದು ಬರೆದಿರಿ. ಒಳ್ಳೆಯದೇ. ಆದರೆ ಆ ದನಿ ಹೇಗೆ ಬಂತು, ಎಷ್ಟು ವರ್ಷದ ದುಡಿಮೆ ಅದು, ಅಂಥ ಇನ್ನೊಂದು ದನಿ ಬರಬೇಕಾದರೆ ನಾವು ಏನು ಮಾಡಬೇಕು ಎಂದು ಎಷ್ಟು ಮಂದಿ ಕೇಳಿಕೊಂಡಿರಿ? ಈ ಸಂಪಾದಕೀಯ ಬರೆಯುತ್ತಿರುವುದು ಅದಕ್ಕೇ.

ಅಪರ್ಣಾ ಚಿಕ್ಕಮಗಳೂರು ಜಿಲ್ಲೆ ಕಡೂರು ತಾಲ್ಲೂಕಿನ ಪಂಚನಹಳ್ಳಿಯವರು. ಸಿನಿಮಾಕ್ಕೆ ಅವರನ್ನು ಕರೆತಂದದ್ದು ಸಾಮಾನ್ಯರಲ್ಲ, ಪುಟ್ಟಣ್ಣ ಕಣಗಾಲ್. 'ಶರಪಂಜರ'ದಲ್ಲಿ ಕಲ್ಪನಾ, 'ರಂಗನಾಯಕಿ'ಯಲ್ಲಿ ಆರತಿ, 'ಎಡಕಲ್ಲು ಗುಡ್ಡದ ಮೇಲೆ'ಯಲ್ಲಿ ಜಯಂತಿ, ಹೀಗೆ ನಟಿಯರಿಂದ ಕೆಲಸ ತೆಗೆಯುವುದರಲ್ಲಿ ಪುಟ್ಟಣ್ಣನವರ ಸಮಕ್ಕೆ ನಿಲ್ಲುವವರು ಕಡಿಮೆ. ತ.ರಾ.ಸು. ಅವರ ಕಾದಂಬರಿ 'ಮಸಣದ ಹೂವು' ಸಿನಿಮಾ ಆದಾಗ ಅಂಬರೀಶ್, ಜಯಂತಿಯವರಂಥ ಪಳಗಿದವರ ನಡುವೆ ಈ ಹೊಸ ಹುಡುಗಿಯನ್ನು ಅವರು ನಿಲ್ಲಿಸಿದರು. ವೇಶ್ಯಾವಾಟಿಕೆಯ ಕತ್ತಲೆಯ ಕತೆ ಅದು. ಮೊದಲ ಚಿತ್ರಕ್ಕೆ ಸುಲಭದ ಪಾತ್ರವಲ್ಲ. 1985ರ ಜೂನ್ 5ರಂದು ಪುಟ್ಟಣ್ಣ ತೀರಿಕೊಂಡರು. ಉಳಿದ ಕೆಲಸವನ್ನು ಕೆ.ಎಸ್.ಎಲ್. ಸ್ವಾಮಿ ಮುಗಿಸಿದರು. ಗುರುವಿನ ಕೊನೆಯ ಚಿತ್ರವೇ ಶಿಷ್ಯೆಯ ಮೊದಲ ಚಿತ್ರವಾಯಿತು.

ಆಮೇಲೆ 'ಸಂಗ್ರಾಮ' (1987), 'ನಮ್ಮೂರ ರಾಜ' (1988), 'ಇನ್ಸ್‌ಪೆಕ್ಟರ್ ವಿಕ್ರಂ' (1989) ಮುಂತಾದ ಚಿತ್ರಗಳು ಬಂದವು. ಆದರೆ ಗಾಂಧಿನಗರದ ಲೆಕ್ಕ ನಿಮಗೆ ಗೊತ್ತೇ ಇದೆ. ನಾಯಕನಿಗೆ ಐವತ್ತಾದರೂ ಕಾಲೇಜು ಹುಡುಗ. ನಟಿಗೆ ಇಪ್ಪತ್ತೈದು ದಾಟಿದರೆ ಅಕ್ಕ, ಅತ್ತಿಗೆ, ಆಮೇಲೆ ತಾಯಿ. ನಾಯಕಿಯನ್ನು ಹೊರ ರಾಜ್ಯದಿಂದ ಕರೆತಂದು, ಬಾಯಿ ಅವಳದು, ಮಾತು ಇನ್ನೊಬ್ಬಳದು ಮಾಡುವ ಪದ್ಧತಿಯೂ ಅಲ್ಲಿ ಹಳೆಯದು. ಅಚ್ಚುಕಟ್ಟಾಗಿ ಕನ್ನಡ ಮಾತಾಡಬಲ್ಲ ಕನ್ನಡದ ಹುಡುಗಿಗೆ ಆ ಸಂತೆಯಲ್ಲಿ ಬೆಲೆ ಎಷ್ಟು?

ಅಪರ್ಣಾ ಅಳುತ್ತಾ ಕೂರಲಿಲ್ಲ. ಮುಖ ಬೇಡವೆಂದರೆ ದನಿ ಇದೆಯಲ್ಲ ಎಂದು ಹೊರಟರು. ಆಕಾಶವಾಣಿಗೆ ಬಂದರು. 1990ರ ದಶಕದಲ್ಲಿ ಎಫ್.ಎಂ. ಎಂಬುದು ಹೊಸದಾಗಿ ಕಿವಿಗೆ ಬೀಳುತ್ತಿದ್ದಾಗ ಅಲ್ಲಿ ಕನ್ನಡದ ನಿರೂಪಕಿಯಾದರು. ದೂರದರ್ಶನದ ಬೆಂಗಳೂರು ಕೇಂದ್ರದಲ್ಲಿ ಕಾರ್ಯಕ್ರಮ ನಡೆಸಿಕೊಟ್ಟರು. 1998ರ ದೀಪಾವಳಿಗೆ ಎಂಟು ಗಂಟೆ ಹೊತ್ತು ಬಿಡುವಿಲ್ಲದೆ ನಿರೂಪಣೆ ಮಾಡಿದ್ದು ಅಂದಿನ ಕಾಲಕ್ಕೆ ದಾಖಲೆ. ಎಂಟು ಗಂಟೆ ಅಂದರೆ ಏನೆಂದು ಯೋಚಿಸಿ. ನಾಲಗೆ ತೊದಲಬಾರದು, ಮಾತು ಖಾಲಿಯಾಗಬಾರದು, ತಿಳಿಯದ ಕಡೆಯಲ್ಲೆಲ್ಲ ಇಂಗ್ಲಿಷ್ ತುರುಕಬಾರದು. ಸರ್ಕಾರದ ಸಮಾರಂಭ, ಸಾಹಿತ್ಯ ಸಭೆ, ಸಂಗೀತ ಕಛೇರಿ ಎಲ್ಲಿ ನೋಡಿದರೂ ವೇದಿಕೆಯ ಬದಿಯಲ್ಲಿ ರೇಷ್ಮೆ ಸೀರೆಯುಟ್ಟು ಮೈಕಿನ ಮುಂದೆ ನಿಂತವರು ಅಪರ್ಣಾ ಎಂಬಂತಾಯಿತು.

ಕಿರುತೆರೆಯನ್ನೂ ಬಿಡಲಿಲ್ಲ. 'ಮೂಡಲ ಮನೆ', ಟಿ.ಎನ್. ಸೀತಾರಾಮ್ ಅವರ 'ಮುಕ್ತ' ಧಾರಾವಾಹಿಗಳಲ್ಲಿ ನಟಿಸಿದರು. 2013ರಲ್ಲಿ ಬಿಗ್ ಬಾಸ್ ಕನ್ನಡದ ಮೊದಲ ಆವೃತ್ತಿಯಲ್ಲಿ ಆ ಮನೆಯೊಳಗೆ ಹೋದರು. 2015ರಲ್ಲಿ ಸೃಜನ್ ಲೋಕೇಶ್ ಅವರ 'ಮಜಾ ಟಾಕೀಸ್' ಶುರುವಾದಾಗ 'ವನ್ ಅಂಡ್ ಓನ್ಲಿ ವರಲಕ್ಷ್ಮಿ'ಯಾಗಿ ಬಂದು ಮನೆಮನೆಯನ್ನೂ ನಗಿಸಿದರು. ಗಂಭೀರವಾಗಿ ಸಭೆ ನಡೆಸುತ್ತಿದ್ದ ಅದೇ ಹೆಂಗಸು ಅಬ್ಬರಿಸಿ ಕುಣಿದದ್ದು ಕಂಡು ಹಿರಿಯರು ಕೆಲವರು ಮೂಗು ಮುರಿದಿರಬಹುದು. ನಾವು ಅದನ್ನು ಬೇರೆ ಥರ ನೋಡುತ್ತೇವೆ. ಶುದ್ಧ ಕನ್ನಡ ಮಾತಾಡುವವರು ಅಂದರೆ ಗಂಟುಮೋರೆಯವರು ಎಂಬ ಮಾತು ಸುಳ್ಳೆಂದು ಅವರು ತೋರಿಸಿದರು. ಭಾಷೆ ಕೈವಶ ಆದವರಿಗೆ ಅದನ್ನು ಬೇಕೆಂದಾಗ ತಿರುಚಲೂ ಬರುತ್ತದೆ. ಕೈವಶ ಆಗದವರಿಗೆ ತಿರುಚಿದ್ದು ಮಾತ್ರ ಗೊತ್ತು! 2024ರ 'ಗ್ರೇ ಗೇಮ್ಸ್' ಚಿತ್ರದಲ್ಲಿ ಮತ್ತೆ ತೆರೆಗೆ ಬಂದರು. ಅದೇ ವರ್ಷ ಹೋಗಿಬಿಟ್ಟರು.

ಗೆಳೆಯರೇ, ಈಗ ನಮ್ಮ ಮಾತಿಗೆ ಬರೋಣ.

2017ರಲ್ಲಿ ನಮ್ಮ ಮೆಟ್ರೋದಲ್ಲಿ ಹಿಂದಿ ಫಲಕಗಳ ವಿರುದ್ಧ ಹೋರಾಟ ನಡೆಯಿತು. ನಿಮ್ಮ ಅಣ್ಣಂದಿರು ಅಕ್ಕಂದಿರು ಬೀದಿಗಿಳಿದರು. ರಾಜ್ಯ ಸರ್ಕಾರ ಕೇಂದ್ರಕ್ಕೆ ಪತ್ರ ಬರೆಯಿತು. ಹಿಂದಿ ಇಳಿಯಿತು. ಅದು ಗೆಲುವು, ಅನುಮಾನವಿಲ್ಲ. ಆದರೆ ಒಂದು ಮಾತು ಯೋಚಿಸಿ. ಹೋರಾಟದಿಂದ ಕನ್ನಡಕ್ಕೆ ಜಾಗ ಸಿಗುತ್ತದೆ. ಆ ಜಾಗದಲ್ಲಿ ಕೂರುವ ಕನ್ನಡ ಹೇಗಿರಬೇಕು? ಅದನ್ನು ಘೋಷಣೆ ಕೂಗಿ ತರಲು ಆಗುವುದಿಲ್ಲ. ಅದಕ್ಕೆ ಒಬ್ಬರು ಹತ್ತಾರು ವರ್ಷ ಕೂತು ಕಲಿತಿರಬೇಕು. ಮೆಟ್ರೋಗೆ ಕನ್ನಡ ಬೇಕೆಂದು ನಾವು ಕೇಳುವ ಮೊದಲೇ ಅಲ್ಲಿ ಒಳ್ಳೆಯ ಕನ್ನಡ ಕೊಡಬಲ್ಲ ಒಬ್ಬ ಅಪರ್ಣಾ ತಯಾರಾಗಿದ್ದರು. ಅದು ನಮ್ಮ ಪುಣ್ಯ. ಪ್ರತಿ ಸಲವೂ ಪುಣ್ಯವನ್ನೇ ನಂಬಿ ಕೂರಲು ಆಗುತ್ತದೆಯೇ?

ನಾನು ಪ್ರೆಸ್ ನಡೆಸುವವನು. ಪಿಯುಸಿಗೆ ಓದು ನಿಲ್ಲಿಸಿದವನು. ಭಾಷಾಶಾಸ್ತ್ರ ನನಗೆ ಗೊತ್ತಿಲ್ಲ. ಆದರೆ ಅಕ್ಷರ ನನ್ನ ಅನ್ನ. ಈಗ ನಮ್ಮ ಪ್ರೆಸ್ಸಿಗೆ ರಾಜ್ಯೋತ್ಸವದ ಕರಪತ್ರದ ಮ್ಯಾಟರ್ ಹೇಗೆ ಬರುತ್ತದೆ ಗೊತ್ತೇ? ವಾಟ್ಸಾಪಿನಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ! ಲಕಾರವೋ ಳಕಾರವೋ, ನಕಾರವೋ ಣಕಾರವೋ ನಾವೇ ಊಹಿಸಿ ಹಾಕಬೇಕು. ಫೋನು ಮಾಡಿ ಕೇಳಿದರೆ, 'ಅಣ್ಣಾ, ಯಾವುದೋ ಒಂದು ಹಾಕಿ, ಜನಕ್ಕೆ ಅರ್ಥ ಆಗುತ್ತೆ ಬಿಡಿ' ಎನ್ನುತ್ತಾರೆ. ಅರ್ಥ ಆಗುತ್ತದೆಯೇ? ಕೊಳೆ ಎನ್ನಬೇಕಾದಲ್ಲಿ ಕೊಲೆ ಎಂದರೆ ಪೌರಕಾರ್ಮಿಕರ ಜಾಗಕ್ಕೆ ಪೊಲೀಸರು ಬರಬೇಕಾಗುತ್ತದೆ. ಹಳ್ಳಿಯನ್ನು ಹಲ್ಲಿ ಮಾಡಿ ಮಾಡಿ ಬೆಂಗಳೂರಿನ ಅರ್ಧ ಬಡಾವಣೆಗಳು ಗೋಡೆ ಹತ್ತಿ ಕೂತಿವೆ. ಬೈಯಪ್ಪನಹಳ್ಳಿ, ದಾಸರಹಳ್ಳಿ ಅಂದರೆ ಒಂದು ಕಾಲಕ್ಕೆ ಉತ್ತು ಬಿತ್ತಿದ ಊರುಗಳು. ಅವನ್ನು ಊರಾಗಿಯೇ ಉಳಿಸಲು ಒಂದು ಸರಿಯಾದ ಳಕಾರ ಸಾಕು. ಅಪರ್ಣಾ ಮಾಡಿದ್ದು ಆ ಕೆಲಸ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅಪರ್ಣಾ ಹೆಸರು ಹೇಳಿಕೊಂಡು ಹಳ್ಳಿಯಿಂದ ಬಂದ ಹುಡುಗನ ಹಕಾರ ಜಾರಿತೆಂದು ನಗುವವರಿದ್ದಾರೆ. ಅಂಥವರ ಜೊತೆ ನಾವಿಲ್ಲ. ಕಲಬುರಗಿಯ ಮಾತು, ಮಂಗಳೂರಿನ ಮಾತು, ಮಂಡ್ಯದ ಮಾತು, ಧಾರವಾಡದ ಮಾತು ಎಲ್ಲವೂ ಕನ್ನಡವೇ. ಅವ್ವನ ಬಾಯಿಂದ ಬಂದ ಮಾತಿಗೆ ಯಾರೂ ನಾಚಬೇಕಿಲ್ಲ. ಆದರೆ ಸಂಬಳ ತೆಗೆದುಕೊಂಡು ಮೈಕ್ ಹಿಡಿದವರ ಲೆಕ್ಕ ಬೇರೆ. ಬಸ್ಸಿನ ಡ್ರೈವರ್ ಗೇರ್ ಹಾಕಲು ಕಲಿತಿರಬೇಕು, ನಮ್ಮ ಮಶಿನ್‌ಮನ್ ಇಂಕಿನ ಹದ ತಿಳಿದಿರಬೇಕು. ಹಾಗೆಯೇ ನಿರೂಪಕಿಗೆ, ವಾರ್ತೆ ಓದುವವರಿಗೆ, ಜಾಹೀರಾತಿಗೆ ದನಿ ಕೊಡುವವರಿಗೆ ಉಚ್ಚಾರ ಗೊತ್ತಿರಬೇಕು. ಟಿವಿಯಲ್ಲಿ ಕನ್ನಡದ ಒಂದು ವಾಕ್ಯಕ್ಕೆ ನಾಲ್ಕು ಇಂಗ್ಲಿಷ್ ಊರುಗೋಲು ಕೊಟ್ಟು 'ಇದೇ ಈಗಿನ ಸ್ಟೈಲ್' ಎನ್ನುವವರನ್ನು ನಾವು ಕೇಳಬೇಕಾದ್ದು ಇದನ್ನೇ. ಇದು ಮಡಿವಂತಿಕೆಯ ಮಾತಲ್ಲ, ಕಸುಬಿನ ಮಾತು.

ಈಗ ಇನ್ನೊಂದು ಗಂಡಾಂತರ ಬಾಗಿಲಿಗೆ ಬಂದಿದೆ. ಕಂಪ್ಯೂಟರೇ ಕನ್ನಡ ಓದುತ್ತದೆ. ಫೋನಿನಲ್ಲಿ, ಬ್ಯಾಂಕಿನ ಕರೆಯಲ್ಲಿ, ಜಾಹೀರಾತಿನಲ್ಲಿ ಯಂತ್ರದ ದನಿ ಶುರುವಾಗಿದೆ. ಯಂತ್ರ ಬೇಡ ಎನ್ನುವವರು ನಾವಲ್ಲ. ಮೊಳೆ ಜೋಡಿಸುವ ಕಾಲ ಹೋಗಿ ಆಫ್‌ಸೆಟ್ ಬಂದಾಗ ಪ್ರೆಸ್ಸಿನವರು ಅದನ್ನೂ ಕಲಿತರು. ಆದರೆ ಯಂತ್ರ ಕಲಿಯುವುದು ನಮ್ಮಿಂದಲೇ. ನಾವು ಹಲ್ಲಿ ಎಂದರೆ ಅದೂ ಹಲ್ಲಿ ಎನ್ನುತ್ತದೆ. ಸರಿಯಾಗಿ ಮಾತಾಡುವವರಿಗೆ ಕೆಲಸ ಕೊಡದೆ, ಕಾಸು ಉಳಿಸಲು ತಪ್ಪು ಮಾತಿನ ಯಂತ್ರ ಕೂರಿಸಿದರೆ, ನಾಳೆ ನಿಮ್ಮ ಮಕ್ಕಳು ತಪ್ಪನ್ನೇ ಕನ್ನಡವೆಂದು ಕಲಿಯುತ್ತಾರೆ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಸರ್ಕಾರದ ಹಾಗೂ ಸಾರ್ವಜನಿಕ ಸಂಸ್ಥೆಗಳ ಎಲ್ಲ ಕನ್ನಡ ಪ್ರಕಟಣೆಗಳಿಗೆ ತರಬೇತಿ ಪಡೆದ ಕನ್ನಡದ ಕಲಾವಿದರಿಂದಲೇ ದನಿ ಕೊಡಿಸಬೇಕು. ಅವರಿಗೆ ತಕ್ಕ ಸಂಭಾವನೆ ಕೊಡಬೇಕು, ಅವರ ಹೆಸರನ್ನು ಎಲ್ಲಾದರೂ ಒಂದು ಕಡೆ ಕಾಣುವಂತೆ ಬರೆಯಬೇಕು. ವರ್ಷಗಟ್ಟಲೆ ಕೇಳಿದ ದನಿ ಯಾರದೆಂದು ಬಹಳ ಜನಕ್ಕೆ ಗೊತ್ತಾದದ್ದು ಅವರು ಸತ್ತ ದಿನ ಎಂಬುದು ನಮಗೆ ಮರ್ಯಾದೆಯಲ್ಲ. ಯಂತ್ರದ ದನಿ ಬಳಸುವವರು ಅದನ್ನು ಬಳಕೆಗೆ ಬಿಡುವ ಮೊದಲು ಕನ್ನಡ ಬಲ್ಲವರ ಕಿವಿಗೆ ಹಾಕಬೇಕು.

ಇನ್ನು ನಿಮ್ಮ ಪಾಲು. ದಿನಕ್ಕೆ ಒಂದು ಪುಟ ಕನ್ನಡವನ್ನು ಗಟ್ಟಿಯಾಗಿ ಓದಿ. ಪೇಪರ್ ಆಗಬಹುದು, ಕಾದಂಬರಿ ಆಗಬಹುದು, ಈ ಪತ್ರಿಕೆಯೇ ಆಗಬಹುದು. ಫೋನಿನಲ್ಲಿ ರೆಕಾರ್ಡ್ ಮಾಡಿ ನೀವೇ ಕೇಳಿ. ಮೊದಲು ನಾಚಿಕೆಯಾಗುತ್ತದೆ. ಒಂದು ತಿಂಗಳು ಬಿಡದೆ ಮಾಡಿ, ನಾಲಗೆ ತಾನಾಗಿ ದಾರಿಗೆ ಬರುತ್ತದೆ. ಸಂದೇಶವನ್ನು ಕನ್ನಡ ಅಕ್ಷರದಲ್ಲೇ ಬರೆಯಿರಿ, ನಿಮ್ಮ ಫೋನಿನಲ್ಲಿ ಅದಕ್ಕೆ ಕೀಲಿಮಣೆ ಇದೆ. ಎಲ್ಲಾದರೂ ತಪ್ಪು ಕನ್ನಡದ ಪ್ರಕಟಣೆ ಕೇಳಿದರೆ ನಕ್ಕು ಬಿಡಬೇಡಿ, ಎರಡು ಸಾಲಿನ ದೂರು ಬರೆಯಿರಿ. ಬಾವುಟ ಹಿಡಿಯುವ ಕೈಗೆ ಪೆನ್ನು ಭಾರವಾಗಬಾರದು.

ಅಪರ್ಣಾ ಬಾವುಟ ಹಿಡಿದು ಬೀದಿಗೆ ಬಂದವರಲ್ಲ. ಆದರೂ ಕನ್ನಡ ಕೇಳಲು ಇಷ್ಟವಿಲ್ಲದವರ ಕಿವಿಗೂ ದಿನಕ್ಕೆ ಹತ್ತು ಸಲ ಸ್ಪಷ್ಟವಾದ ಕನ್ನಡ ಹಾಕಿದರು. ಯಾರೂ ಅದನ್ನು ಹೇರಿಕೆ ಎನ್ನಲಿಲ್ಲ, ಯಾಕೆಂದರೆ ಅದು ಕೇಳಲು ಅಷ್ಟು ಚೆನ್ನಾಗಿತ್ತು. ಇದು ನಮ್ಮ ಚಳವಳಿಯೂ ಕಲಿಯಬೇಕಾದ ಪಾಠ.

ಕನ್ನಡದಲ್ಲಿ ದನಿ ಇರುವ ಹುಡುಗ ಹುಡುಗಿಯರು ನಿಮ್ಮ ಬೀದಿಯಲ್ಲೇ ಇದ್ದಾರೆ. ಅವರನ್ನು ಹುಡುಕಿ, ಈ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಜೊತೆಗೆ ಅವರಿಗೂ ಹತ್ತು ನಿಮಿಷ ಮೈಕ್ ಕೊಡಿ.

ಸಿರಿಗನ್ನಡಂ ಗೆಲ್ಗೆ!